ಚಿತ್ತೆ ಮಳೆ, ಹಲಸಿನ ಮರ ಮತ್ತು ನನ್ನ ಮಳೆ ಲೆಕ್ಕ

ಮಲೆನಾಡಿನಲ್ಲಿ ಜುಲೈ ಮಳೆಯನ್ನು ಯಾರು ಬೇಕಾದರೂ ಬರೆದಿಡಬಹುದು. ದಿನವಿಡೀ ಸುರಿಯುತ್ತದೆ, ಅಷ್ಟೇ. ನನಗೆ ಹುಚ್ಚು ಹಿಡಿಸಿದ್ದು ಹಸ್ತ ಮುಗಿದು ಚಿತ್ತೆ ಹುಟ್ಟಿದ ಮೇಲಿನ ಮಳೆ. ಅಕ್ಟೋಬರ್ ಎರಡನೇ ವಾರದಿಂದ ಚಿತ್ತೆ, 24ರ ಹೊತ್ತಿಗೆ ಸ್ವಾತಿ, ನವೆಂಬರ್ ಮೊದಲ ವಾರದಲ್ಲಿ ವಿಶಾಖ. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುವುದೂ ಇದೇ ದಿನಗಳಲ್ಲಿ. ಬೆಳಿಗ್ಗೆ ಚುರುಕು ಬಿಸಿಲು, ಮೂರು ಗಂಟೆಗೆ ಪೂರ್ವದ ಗುಡ್ಡದ ಹಿಂದೆ ಗುಡುಗು.

ಸಾಮಾನು ಜಾಸ್ತಿ ಏನಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಆಲಿಕೆ ತಂದೆ. ಬಾಯಿ ಒಳಗಿಂದ ಒಳಗೆ 16 ಸೆಂ.ಮೀ., ಅಂದರೆ ವಿಸ್ತೀರ್ಣ ಸುಮಾರು 201 ಚದರ ಸೆಂ.ಮೀ. ಹಾಗಾಗಿ ಕೆಳಗಿನ ಕ್ಯಾನಿನಲ್ಲಿ 20 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ. ಅಳೆಯಲು ಗೆರೆ ಇರುವ ಒಂದು ಅಳತೆ ಜಾರು. ಗೋಡೆಗೆ ಗರಿಷ್ಠ–ಕನಿಷ್ಠ ತೋರಿಸುವ ಥರ್ಮಾಮೀಟರು.

ಎಡವಿದ್ದು ಜಾಗದಲ್ಲಿ. ಜಗಲಿಯಿಂದಲೇ ಕಾಣಲಿ ಅಂತ ಅಂಗಳದ ಮೂಲೆಯಲ್ಲಿ, ಹಲಸಿನ ಮರದ ಹತ್ತಿರ ಗೂಟ ಹೊಡೆದೆ. ರಸ್ತೆಯಾಚೆ ಮನೆಯವರೂ ಮಳೆ ಅಳೆಯುತ್ತಾರೆ. "ನಿಮ್ಮಲ್ಲೆಷ್ಟು ಬಿತ್ತು ಮಾರಾಯ್ರೆ?" ಅಂತ ಬೆಳಿಗ್ಗೆ ಫೋನು. ಅವರಲ್ಲಿ 9, ನಮ್ಮಲ್ಲಿ 14. ಮರುದಿನ ಅವರಲ್ಲಿ 22, ನಮ್ಮಲ್ಲಿ 27. ಚಿತ್ತೆ ಮಳೆಗೆ ಕಣ್ಣಿಲ್ಲ, ಕುರುಡು ಮಳೆ ಅನ್ನುತ್ತಾರಲ್ವಾ? ಇಬ್ಬರೂ ಹಾಗೇ ಅಂದುಕೊಂಡು ಸುಮ್ಮನಾದೆವು. ಒಂದು ವಾರ ಹೀಗೇ ನಡೆಯಿತು.

ಆಮೇಲೊಂದು ರಾತ್ರಿ ಮಳೆಯೇ ಇಲ್ಲ. ಬೆಳಿಗ್ಗೆ ಮಂಜು ಕವಿದಿತ್ತು. ನೋಡಿದರೆ ಕ್ಯಾನಿನಲ್ಲಿ 12 ಮಿ.ಲೀ.! ಸುಮ್ನೆ ಅಲ್ಲೇ ನಿಂತೆ. ಹಲಸಿನ ಎಲೆಯ ತುದಿಯಲ್ಲಿ ನೀರು ಕೂಡಿ, ದಪ್ಪವಾಗಿ, ಆಲಿಕೆಯ ಅಂಚಿಗೆ ಟಪ್ ಅಂತ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಚಿತ್ತೆ ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಆ ವಾರದ ಲೆಕ್ಕವನ್ನೆಲ್ಲ ಅಡ್ಡ ಗೆರೆ ಎಳೆದು ಹೊಡೆದುಹಾಕಿದೆ.

ಮರದಿಂದ ಅದರ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕು. ಮಲೆನಾಡಿನಲ್ಲಿ ಅಂಥ ಜಾಗ ಹುಡುಕುವುದೇ ಒಂದು ಕೆಲಸ! ಕೊನೆಗೆ ಸಿಕ್ಕಿದ್ದು ಗದ್ದೆ ಅಂಚು. ಈಗ ದಿನಾ ಇಬ್ಬನಿಯಲ್ಲಿ ಮೊಣಕಾಲವರೆಗೆ ನೆನೆದುಕೊಂಡು ಹೋಗುತ್ತೇನೆ.

ಹೊತ್ತು ಬೆಳಿಗ್ಗೆ 8:30. ಹವಾಮಾನ ಇಲಾಖೆಯದ್ದೂ ಅದೇ ಹೊತ್ತು. ನಿನ್ನೆ ಸಂಜೆ ಬಿದ್ದ ಮಳೆಯನ್ನು ಇವತ್ತಿನ ತಾರೀಖಿಗೆ ಬರೆಯಬೇಕು. ಮೊದಮೊದಲು ನಾನು ಬಿದ್ದ ದಿನಕ್ಕೇ ಬರೆದು, ಪೇಪರಿನಲ್ಲಿ ಬಂದ ಲೆಕ್ಕಕ್ಕೆ ತಾಳೆಯಾಗದೆ ತಲೆ ಕೆರೆದುಕೊಂಡಿದ್ದೆ. ಹಿಂಗಾರಿನಲ್ಲಿ ಮಳೆ ಜಾಸ್ತಿ ಬರುವುದು ಸಂಜೆ ಹೊತ್ತಿಗೇ ಆದ್ದರಿಂದ ಇಲ್ಲಿ ಈ ತಪ್ಪು ದಿನಾ ಆಗುತ್ತದೆ.

ಥರ್ಮಾಮೀಟರಿನಿಂದ ಕಲಿತದ್ದು ಒಂದೇ. ರಾತ್ರಿ ಆಕಾಶ ಬಿಚ್ಚಿಕೊಂಡಿದ್ದರೆ ನೆಲದ ಕಾವು ಮೇಲಕ್ಕೆ ಹೋಗಿ ಚಳಿ ಹೆಚ್ಚುತ್ತದೆ. ಮೋಡ ಇದ್ದರೆ ಕಂಬಳಿ ಹೊದ್ದಂತೆ, ಕಾವು ಉಳಿಯುತ್ತದೆ. 17 ಇದ್ದ ಕನಿಷ್ಠ ಒಂದೇ ರಾತ್ರಿಗೆ 21ಕ್ಕೆ ಏರಿದರೆ ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದಿರಬೇಕು ಅಂತ ನನ್ನ ಅಂದಾಜು. ಎರಡು ಸಲ ಸರಿಯಾಯಿತು. ಗರ್ವ ಬಂತು.

ಮೂರನೇ ಸಲ, ಸ್ವಾತಿಯಲ್ಲಿ, ಅಡಿಕೆ ಬಿಚ್ಚುವುದೇ ಬೇಡ ಅಂತ ಹೇಳಿ ಎರಡು ದಿನ ಟಾರ್ಪಲ್ ಹೊದಿಸಿಯೇ ಇಡಿಸಿದೆ. ಮೋಡ ಬಂತು, ಒಂದು ಹನಿ ಬೀಳಲಿಲ್ಲ. ಅಡಿಯಲ್ಲಿದ್ದ ಅಡಿಕೆಗೆ ಬೂಷ್ಟು ಬಂತು. ನನ್ನ ಹೆಂಡತಿ ಟಾರ್ಪಲ್ ಮಡಚುತ್ತಾ ಹೇಳಿದಳು: "ಮುಂದಿನ ಸಲ ಇದನ್ನ ನಿಮ್ಮ ಪುಸ್ತಕಕ್ಕೇ ಹೊದಿಸಿ."