ದಿನಕ್ಕೊಂದು ಚೀಟಿ, ಎಂಟು ನಿಮಿಷ ಬರಹ

ದಿನಾ ಬರೆಯಬೇಕು ಎಂದುಕೊಂಡವರು ಅರ್ಧಕ್ಕೇ ಬಿಡುವುದು ಸೋಮಾರಿತನದಿಂದಲ್ಲ. ‘ಇವತ್ತು ಏನು ಬರೆಯಲಿ’ ಎಂದು ಯೋಚಿಸುವುದರಲ್ಲೇ ಕಾಲು ಗಂಟೆ ಕಳೆದು, ಬೇಸರ ಬಂದು ಎದ್ದುಬಿಡುತ್ತಾರೆ. ಆ ತೀರ್ಮಾನವನ್ನು ಮೊದಲೇ ಮಾಡಿ, ಚೀಟಿಗಳಲ್ಲಿ ಬರೆದು ಡಬ್ಬದಲ್ಲಿ ಹಾಕಿಟ್ಟರೆ ಉಳಿಯುವುದು ಬರೆಯುವುದಷ್ಟೇ.

100 ಪುಟದ ಗೆರೆ ನೋಟ್‌ಬುಕ್, ಸಲೀಸಾಗಿ ಓಡುವ ಪೆನ್ನು, ಒಂದು ಡಬ್ಬ, ಎರಡು ಎ4 ಹಾಳೆ ಸಾಕು. ಒಂದೊಂದು ಹಾಳೆಯನ್ನೂ ನಾಲ್ಕು ಸಲ ಮಡಚಿ ಕತ್ತರಿಸಿದರೆ ಒಟ್ಟು 32 ಚೀಟಿ, ಒಂದು ತಿಂಗಳಿಗಾಯಿತು. ದುಬಾರಿ ಡೈರಿ ಬೇಡ. ಚೆಂದದ ಹಾಳೆ ಕಂಡರೆ ಕೈ ಚೆಂದದ ವಾಕ್ಯಕ್ಕೆ ಕಾಯುತ್ತದೆ. ಚೀಟಿಗಳನ್ನೆಲ್ಲ ಒಂದೇ ಭಾನುವಾರ ಕೂತು ಬರೆದು ಮುಗಿಸಿ.

ಚೀಟಿಯಲ್ಲಿ ‘ಮಳೆ’, ‘ಬಾಲ್ಯ’, ‘ತಾಯಿಯ ಪ್ರೀತಿ’ ಎಂದಷ್ಟೇ ಬರೆದರೆ ಹುಟ್ಟುವುದು ಶಾಲೆಯ ಪ್ರಬಂಧ. ಪ್ರತಿ ಚೀಟಿಯಲ್ಲೂ ಎರಡು ಇರಬೇಕು: ಕಣ್ಣಿಗೆ ಕಾಣುವ ಒಂದು ವಸ್ತು, ಅದಕ್ಕೊಂದು ಅಡ್ಡಿ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಆದರೆ ಒಂದು ಬಣ್ಣದ ಹೆಸರೂ ಬರಕೂಡದು. ಆಲೆಮನೆಯ ಕೊಪ್ಪರಿಗೆ, ಆದರೆ ಕಣ್ಣು ಮುಚ್ಚಿ ನಿಂತವನಿಗೆ ಸಿಗುವ ವಾಸನೆ, ಸದ್ದು, ಶಾಖ ಮಾತ್ರ. ಚಾಮುಂಡಿ ಬೆಟ್ಟದ ದೊಡ್ಡ ನಂದಿ, ತನ್ನ ಮುಂದೆ ಸೆಲ್ಫಿ ತೆಗೆದುಕೊಳ್ಳುವವರಿಗೆ ಹೇಳುವ ಐದು ಮಾತು. ರೈಲಿನಲ್ಲಿ ಮದ್ದೂರು ವಡೆ ಮಾರುವವನಿಗೂ ಕೊಳ್ಳಲೋ ಬೇಡವೋ ಎನ್ನುವ ಪ್ರಯಾಣಿಕನಿಗೂ ನಡೆದ ಮಾತುಕತೆ, ‘ಅಂದ’, ‘ಕೇಳಿದ’ ಒಂದೂ ಇಲ್ಲದೆ.

ಕೆಲವು ಚೀಟಿಗಳನ್ನು ಆಡುಮಾತಿಗೇ ಮೀಸಲಿಡಿ. ಪೆನ್ನು ಹಿಡಿದ ಕೂಡಲೇ ‘ಬಂದ’ ಹೋಗಿ ‘ಆಗಮಿಸಿದನು’ ಬರುವುದು ನಮ್ಮಲ್ಲಿ ಅನೇಕರಿಗಿರುವ ತೊಡಕು, ಅದನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಉದಾಹರಣೆಗೆ, ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆ ತುಂಬಿದರೆ ಮಟ್ಟ 124.80 ಅಡಿ. ಪೇಪರಿನಲ್ಲಿ ಇವತ್ತಿನ ಅಂಕಿ ನೋಡಿ, ನಾಲೆಯ ಕೊನೆ ಭಾಗದ ರೈತ ಮನೆಗೆ ಬಂದು ಏನು ಹೇಳಿಯಾನು ಎಂದು ಬರೆಯಿರಿ. “ನೀರ್ ಬುಟ್ಟವ್ರಂತೆ ಕಣಮ್ಮಿ” ಎಂದು ಶುರುವಾದರೆ ಹಾಗೇ ಬಿಡಿ, ತಿದ್ದಬೇಡಿ.

ಎಲ್ಲಕ್ಕಿಂತ ಹೆಚ್ಚು ಕಲಿಸುವ ಆಟ ಒತ್ತಕ್ಷರವೇ ಇಲ್ಲದ ಎಂಟು ಸಾಲು. ಮೈಸೂರು, ನಂಜನಗೂಡು, ನಾಗಮಂಗಲ, ಪಾಂಡವಪುರ ಬರಬಹುದು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ ಬರುವಂತಿಲ್ಲ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜಿ ಎಲ್ಲರೂ ಹೊರಗೆ. ತಾತ, ಮಾವ, ಸೊಸೆ, ನಾದಿನಿ ಒಳಗೆ. ‘ಮತ್ತು’ ಇಲ್ಲ, ‘ಇಲ್ಲ’ ಕೂಡ ಇಲ್ಲ. ‘ಬರುತ್ತಾನೆ’, ‘ಹೋಗುತ್ತಾಳೆ’ ಕೈಬಿಟ್ಟು ಹೋಗುವುದರಿಂದ ಬಂದ, ಕೂತ, ಹೋದಳು ಎಂಬ ಪುಟ್ಟ ಕ್ರಿಯಾಪದಗಳೇ ಗತಿ. ‘ಹಸು ಬಂತು. ಬಾಗಿಲ ಬಳಿ ನಿಂತು ತಲೆ ಆಡಿಸಿತು. ಸೊಸೆ ಬೂಸಾ ತಂದಳು. ಹಸು ಮೂಸಿ ನೋಡಿ ಮುಖ ತಿರುಗಿಸಿತು.’ ವರ್ಣನೆಗೆ ಜಾಗವೇ ಸಿಗದೆ ಏನಾದರೂ ನಡೆಯಲೇಬೇಕಾಗುತ್ತದೆ, ವಾಕ್ಯ ಉದ್ದವಾಗುವವರಿಗೆ ಇದು ಮದ್ದು. ವಾರಕ್ಕೊಂದು ಸಲ ಸಾಕು.

ಬರೆಯುವ ಹೊತ್ತನ್ನು ಗಡಿಯಾರಕ್ಕಲ್ಲ, ದಿನಾ ತಪ್ಪದೆ ಮಾಡುವ ಕೆಲಸಕ್ಕೆ ಕಟ್ಟಿ. ಕಾಫಿ ಲೋಟ ಕೆಳಗಿಟ್ಟ ತಕ್ಷಣ ಚೀಟಿ ಎತ್ತಬೇಕು. ಬಂದ ಚೀಟಿಯನ್ನು ವಾಪಸ್ ಹಾಕುವಂತಿಲ್ಲ. ಒಂದು ಸಲ ಬದಲಾಯಿಸಿದರೆ ಮಾರನೆಯ ದಿನ ಮೂರು ಸಲ ಬದಲಾಯಿಸುತ್ತೀರಿ, ಆಯ್ಕೆಯ ತಲೆನೋವು ಮತ್ತೆ ಬಂತು. ಚೀಟಿಯನ್ನು ಪುಟದ ಮೇಲ್ಭಾಗಕ್ಕೆ ಅಂಟಿಸಿ, ತಾರೀಕು ಹಾಕಿ, ಎಂಟು ನಿಮಿಷಕ್ಕೆ ಅಲಾರಂ ಇಟ್ಟು ಫೋನನ್ನು ಬೋರಲು ಹಾಕಿ. ಬರೆದದ್ದನ್ನು ಹೊಡೆದುಹಾಕಬೇಡಿ. ಮಾತು ನಿಂತರೆ ಕೊನೆಯ ವಾಕ್ಯವನ್ನು ಪ್ರಶ್ನೆಯಾಗಿ ತಿರುಗಿಸಿ ಬರೆಯಿರಿ, ಉತ್ತರ ತಾನಾಗಿ ಬರುತ್ತದೆ. ಅಲಾರಂ ಹೊಡೆದಾಗ ವಾಕ್ಯ ಅರ್ಧವಿದ್ದರೂ ನಿಲ್ಲಿಸಿ. ಇನ್ನೂ ಬರೆಯುವ ಆಸೆ ಇರುವಾಗ ಎದ್ದವರೇ ನಾಳೆ ಬಂದು ಕೂರುವುದು.

ಒಂದು ದಿನ ತಪ್ಪಿದರೆ ಮರುದಿನ ಹದಿನಾರು ನಿಮಿಷ ಬರೆದು ಸರಿದೂಗಿಸಲು ಹೋಗಬೇಡಿ. ಸಾಲ ಬೆಳೆದಷ್ಟೂ ನೋಟ್‌ಬುಕ್ ಕಂಡರೆ ಮುಜುಗರ. ಜ್ವರವೋ ಮದುವೆಯೋ ಇರುವ ದಿನ ಎರಡೇ ಸಾಲು ಬರೆದರೂ ಲೆಕ್ಕಕ್ಕೆ ಬರುತ್ತದೆ. ಮೇಲಿಂದ ಮೇಲೆ ತಪ್ಪುತ್ತಿದ್ದರೆ ಹೊತ್ತು ಸರಿಯಿಲ್ಲ ಎಂದರ್ಥ: ಕಾಫಿಯ ಹೊತ್ತೂ ಮಕ್ಕಳ ಟಿಫಿನ್ ಕಟ್ಟುವ ಹೊತ್ತೂ ಒಂದೇ ಆದರೆ, ರಾತ್ರಿ ಊಟದ ತಟ್ಟೆ ತೊಳೆದ ಮೇಲಕ್ಕೆ ಸರಿಸಿ. ಬರೆದದ್ದೆಲ್ಲ ಒಂದೇ ಥರ ಕಾಣುತ್ತಿದ್ದರೆ ಅಡ್ಡಿಗಳು ಒಂದೇ ಥರ ಇವೆ, ನಾಲ್ಕೈದು ಚೀಟಿ ಹೊಸದಾಗಿ ಹಾಕಿ.

ಹಳೆಯ ಪುಟ ತಿರುವಿ ನೋಡುವುದು ತಿಂಗಳ ಕೊನೆಗೆ ಮಾತ್ರ. ವಾರಕ್ಕೇ ಓದಿದರೆ ಕೆಟ್ಟದ್ದೇ ಕಣ್ಣಿಗೆ ಬಿದ್ದು ಕೈ ಹಿಂಜರಿಯುತ್ತದೆ. ತಿಂಗಳಾದ ಮೇಲೆ ಪೆನ್ಸಿಲ್ ಹಿಡಿದು ಓದಿ, ಜೀವ ಇರುವ ಸಾಲಿನ ಪಕ್ಕ ಗೆರೆ ಎಳೆಯಿರಿ. ಎರಡೋ ಮೂರೋ ಸಿಗುತ್ತವೆ. ಅವನ್ನೇ ಮುಂದಿನ ತಿಂಗಳ ಚೀಟಿಗಳಾಗಿ ಬರೆದು ಡಬ್ಬಕ್ಕೆ ಹಾಕಿ, ಈ ಸಲ ಅಡ್ಡಿ ಬೇರೆ ಇರಲಿ.