ಸೊಲ್ಲಾಪುರದಿಂದ ಸಣ್ಣ ವಿಮಾನದಲ್ಲಿ ಹೊರಡುವವರಿಗೆ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆ, ಜತ್ತ ತಾಲ್ಲೂಕುಗಳ ಕನ್ನಡದ ಮನೆಗಳಿಂದ ಮುಂಬಯಿಗೋ ಬೆಂಗಳೂರಿಗೋ ಹೋಗಬೇಕೆಂದರೆ ಮೊನ್ನೆ ಮೊನ್ನೆಯವರೆಗೂ ರೈಲು, ಬಸ್ಸುಗಳೇ ಗತಿಯಾಗಿದ್ದವು. ಹೋಟಗಿ ರಸ್ತೆಯ ವಿಮಾನ ನಿಲ್ದಾಣ ಇದ್ದೂ ಇಲ್ಲದಂತಿತ್ತು. ವಿಮಾನದ ದಾರಿಗೆ ಅಡ್ಡವಾಗುತ್ತದೆಂದು ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸುಮಾರು 90 ಮೀಟರ್ ಎತ್ತರದ ಚಿಮಣಿಯನ್ನು 2023ರ ಜೂನ್ 15ರಂದು ಕೆಡವಲಾಯಿತು. ಕಬ್ಬು ಬೆಳೆಗಾರರು ಅದನ್ನು ವಿರೋಧಿಸಿದ್ದರು, ಅವರ ಸಂಕಟ ಸುಳ್ಳಲ್ಲ. ಆಮೇಲೆ 2025ರ ಜೂನ್ 9ರಂದು ಫ್ಲೈ91 ಸಂಸ್ಥೆಯ ವಿಮಾನ ಗೋವಾಕ್ಕೆ ಹಾರಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಟಾರ್ ಏರ್ ಮುಂಬಯಿ ಮತ್ತು ಬೆಂಗಳೂರಿಗೆ ಸೇವೆ ಆರಂಭಿಸಿತು. ಇಷ್ಟು ಬೆಲೆ ತೆತ್ತು ಬಂದ ಸೌಕರ್ಯವನ್ನು ನಮ್ಮ ಜನ ಸರಿಯಾಗಿ ಬಳಸಿಕೊಳ್ಳಲಿ ಎಂಬ ಆಸೆಯಿಂದ, ಮನೆಯ ಹಿರಿಯರನ್ನು ಕರೆದುಕೊಂಡು ಹಲವು ಸಲ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಲ್ಹಾಪುರದಿಂದ ಹೊರಡುವ ಗಡಹಿಂಗ್ಲಜದವರಿಗೂ, 2021ರ ಮಾರ್ಚಿನಲ್ಲಿ ತೆರೆದ ಕರ್ನೂಲಿನ ಓರ್ವಕಲ್ಲು ನಿಲ್ದಾಣವನ್ನು ಬಳಸುವ ಆದವಾನಿಯ ಕನ್ನಡಿಗರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಟಿಕೆಟ್ ತೆಗೆಯುವ ಮೊದಲು ಈ ಸೇವೆ ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಕೇಂದ್ರ ಸರ್ಕಾರ 2016ರ ಅಕ್ಟೋಬರಿನಲ್ಲಿ ಸಣ್ಣ ಊರುಗಳಿಗೂ ಕೈಗೆಟುಕುವ ದರದಲ್ಲಿ ವಿಮಾನ ಓಡಿಸುವ ಉಡಾನ್ ಯೋಜನೆಯನ್ನು ಪ್ರಕಟಿಸಿತು, 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಅದರ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಆಗ 2,500 ರೂಪಾಯಿಯ ಮಿತಿ ಹಾಕಿದ್ದರು. ಆ ದರಕ್ಕೆ ವಿಮಾನ ಹಾರಿಸಿದರೆ ಸಂಸ್ಥೆಗೆ ಆಗುವ ಕೊರತೆಯನ್ನು ಸರ್ಕಾರದ ನಿಧಿ ತುಂಬಿಕೊಡುತ್ತದೆ, ಆದರೆ ಸಾಮಾನ್ಯವಾಗಿ ಮೂರು ವರ್ಷ ಮಾತ್ರ. ಮಿತಿಯ ದರ ಎಲ್ಲ ಸೀಟುಗಳಿಗೂ ಸಿಗುವುದಿಲ್ಲ, ಸುಮಾರು ಅರ್ಧದಷ್ಟಕ್ಕೆ ಮಾತ್ರ ಸಿಗುತ್ತದೆ. ಆದ್ದರಿಂದ ಜಾತ್ರೆ, ದೀಪಾವಳಿ, ಮಕ್ಕಳ ರಜೆಯ ದಿನಗಳಿಗೆ ಒಂದೆರಡು ತಿಂಗಳು ಮುಂಚೆಯೇ ಟಿಕೆಟ್ ತೆಗೆದವರಿಗೆ ಲಾಭ, ಹಿಂದಿನ ದಿನ ತೆಗೆದವರಿಗೆ ದುಪ್ಪಟ್ಟು ಖರ್ಚು. ನೆರವು ನಿಂತ ಮೇಲೆ ಪ್ರಯಾಣಿಕರ ಸಂಖ್ಯೆ ಸಾಲದಿದ್ದರೆ ಮಾರ್ಗವೇ ನಿಲ್ಲಬಹುದು. ನೆರೆಯ ಬೀದರಿನ ಕಥೆ ನಮ್ಮ ಕಣ್ಣೆದುರಿಗೇ ಇದೆ: 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಅಲ್ಲಿಂದ ಬೆಂಗಳೂರಿಗೆ ಹಾರಾಟ ಆರಂಭಿಸಿತು, 2022ರಲ್ಲಿ ಆ ಸಂಸ್ಥೆಯೇ ನಿಂತುಹೋಯಿತು; ಮತ್ತೊಂದು ಸಂಸ್ಥೆ ಬಂದು, ಸೇವೆ ಪುನಃ ನಿಂತು, 2025ರ ಏಪ್ರಿಲಿನಲ್ಲಿ ಮರಳಿ ಶುರುವಾಯಿತು. ಹಾಗಾಗಿ ಕಳೆದ ವರ್ಷ ಮಂಗಳವಾರ ವಿಮಾನ ಇತ್ತೆಂದು ಈ ವರ್ಷವೂ ಮಂಗಳವಾರ ಇರುತ್ತದೆಂದು ಎಣಿಸಬೇಡಿ. ವೇಳಾಪಟ್ಟಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬದಲಾಗುತ್ತದೆ. ಹೋಗುವುದಕ್ಕೂ ಬರುವುದಕ್ಕೂ ಆಯಾ ದಿನ ವಿಮಾನ ಉಂಟೇ ಎಂದು ಸಂಸ್ಥೆಯ ಸ್ವಂತ ಜಾಲತಾಣದಲ್ಲಿಯೇ ನೋಡಿ.

ಟಿಕೆಟ್ ಮೇಲಿನ ಮೂರಕ್ಷರದ ಸಂಕೇತವನ್ನೂ ಗಮನಿಸಬೇಕು. ಸೊಲ್ಲಾಪುರದ್ದು ಎಸ್‌ಎಸ್‌ಇ. ಗೋವಾದಲ್ಲಿ ಎರಡು ನಿಲ್ದಾಣಗಳಿವೆ: ಮೋಪಾದ್ದು ಜಿಒಎಕ್ಸ್, ದಾಬೋಲಿಯದ್ದು ಜಿಒಐ. ನಮ್ಮ ವಿಮಾನ ಇಳಿಯುವುದು ಮೋಪಾದಲ್ಲಿ. ದಕ್ಷಿಣ ಗೋವಾದ ನೆಂಟರು ದಾಬೋಲಿಯಲ್ಲಿ ಕಾರು ತಂದು ಕಾಯುತ್ತ ನಿಂತರೆ ಇಬ್ಬರಿಗೂ ಅರ್ಧ ದಿನ ಹಾಳು. ಮುಂಬಯಿಗೂ 2025ರ ಡಿಸೆಂಬರಿನಿಂದ ನವಿ ಮುಂಬಯಿ ಎಂಬ ಎರಡನೆಯ ನಿಲ್ದಾಣ ಸೇರಿರುವುದರಿಂದ ಟಿಕೆಟ್ ಮೇಲೆ ಹಳೆಯದರ ಬಿಒಎಂ ಇದೆಯೋ, ಹೊಸದರ ಎನ್‌ಎಂಐ ಇದೆಯೋ ಎಂದು ಒಮ್ಮೆ ಓದಿಯೇ ಹಣ ಕಟ್ಟಿ.

ಹೆಸರು ಬರೆಸುವಾಗ ನಮ್ಮ ಗಡಿಯವರಿಗೆ ವಿಶೇಷವಾದ ಒಂದು ತೊಡಕಿದೆ. ಮನೆಯಲ್ಲಿ ನೀಲವ್ವ ಎಂದು ಕರೆಸಿಕೊಳ್ಳುವವರ ಆಧಾರ್ ಕಾರ್ಡಿನಲ್ಲಿ ಮರಾಠಿಯ ರೂಢಿಯಂತೆ ನೀಲಾವಾ ಎಂದಿರುತ್ತದೆ, ನಡುವೆ ಗಂಡನ ಹೆಸರು ಬಂದು ಕೊನೆಗೆ ಅಡ್ಡಹೆಸರು ಇರುತ್ತದೆ. ಬಾಯಲ್ಲಿ ಹೇಳಿ ಬರೆಸದೆ, ಕಾರ್ಡನ್ನೇ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದುವಂತೆ ಟಿಕೆಟ್ ಮಾಡಿಸಿ. ಏಜೆಂಟರ ಮೂಲಕ ಮಾಡಿಸುವುದಾದರೆ ಮೊಬೈಲ್ ಸಂಖ್ಯೆ ಪ್ರಯಾಣಿಕರದ್ದೇ ಇರಲಿ, ಏಜೆಂಟರದ್ದು ಬೇಡ. ವಿಮಾನ ರದ್ದಾದ ಅಥವಾ ವೇಳೆ ಬದಲಾದ ಸಂದೇಶ ಆ ಸಂಖ್ಯೆಗೇ ಬರುವುದು. ಏಜೆಂಟರು ಮಲಗಿರುವಾಗ ಬಂದ ಸಂದೇಶದಿಂದ ನಿಮಗೆ ಯಾವ ಪ್ರಯೋಜನವೂ ಇಲ್ಲ.

ಇನ್ನು ಸಾಮಾನಿನ ವಿಷಯ. ಹೆಚ್ಚು ಪೇಚಾಟ ಆಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೋವಾ ಮಾರ್ಗದಲ್ಲಿ ಹಾರುವ, ರೆಕ್ಕೆಯ ಮೇಲೆ ತಿರುಗುವ ಪಂಖ (ಪ್ರೊಪೆಲರ್) ಇರುವ ಎಟಿಆರ್ 72-600 ಎಂಬ ಸಣ್ಣ ವಿಮಾನ ಜನ, ಸಾಮಾನು, ಇಂಧನ ಎಲ್ಲ ಸೇರಿ ಸುಮಾರು 23 ಟನ್ ತೂಕದವರೆಗೆ ಮಾತ್ರ ಮೇಲೇರಬಲ್ಲದು. ದೊಡ್ಡ ಊರುಗಳ ನಡುವೆ ಓಡುವ ಏರ್‌ಬಸ್ 320 ಅದರ ಮೂರು ಪಟ್ಟಿಗಿಂತ ಹೆಚ್ಚು ಭಾರ ಹೊರುತ್ತದೆ. ಬೇಸಿಗೆಯ ಮಧ್ಯಾಹ್ನ ಗಾಳಿ ಕಾದು ತೆಳುವಾದಾಗ ರೆಕ್ಕೆಗೆ ಸಿಗುವ ಎತ್ತುವ ಬಲವೂ, ಎಂಜಿನ್ನಿನ ಶಕ್ತಿಯೂ ಕಡಿಮೆಯಾಗುತ್ತವೆ. ಸೊಲ್ಲಾಪುರದ ಏಪ್ರಿಲ್–ಮೇ ಬಿಸಿಲು ಎಂಥದೆಂದು ನಮಗೆ ಯಾರೂ ಹೇಳಬೇಕಿಲ್ಲ. ಅಂಥ ವೇಳೆ ಪೈಲಟ್ ಭಾರ ಇಳಿಸಬೇಕಾದರೆ ಮೊದಲು ಹೊರಗುಳಿಯುವುದು ಚೀಲಗಳು. ಗಡಿಯ ಬೇರೊಂದು ಊರಿನಿಂದ ನಾವು ಹೊರಟಿದ್ದಾಗ ಒಮ್ಮೆ ನಮ್ಮ ಸೋದರತ್ತೆಯ ಚೀಲ ಹೀಗೆಯೇ ಹಿಂದೆ ಉಳಿದು ಮರುದಿನ ಬಂತು. ಅವರ ರಕ್ತದೊತ್ತಡದ ಗುಳಿಗೆಗಳು ಅದರಲ್ಲಿಯೇ ಇದ್ದವು. ಹೊಸ ಊರಿನಲ್ಲಿ ರಾತ್ರಿ ಹತ್ತು ಗಂಟೆಗೆ ಔಷಧದ ಅಂಗಡಿ ಹುಡುಕುತ್ತ ಅಲೆದೆ. ಆವತ್ತಿನಿಂದ ಔಷಧ, ವೈದ್ಯರ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ, ಚಾರ್ಜರ್ ಇವಿಷ್ಟನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುತ್ತೇವೆ. ಪವರ್ ಬ್ಯಾಂಕ್ ಅಂತೂ ಕೈಚೀಲದಲ್ಲಿಯೇ ಇರಬೇಕೆಂಬುದು ನಿಯಮ.

ಕೈಚೀಲ ಬಟ್ಟೆಯದಾಗಿರಲಿ. ಎಟಿಆರ್ ವಿಮಾನದ ತಲೆಯ ಮೇಲಿನ ಗೂಡುಗಳು ಚಿಕ್ಕವು. ಗಾಲಿಯ ಗಟ್ಟಿ ಪೆಟ್ಟಿಗೆ ಬೇರೆ ವಿಮಾನದಲ್ಲಿ ಹಿಡಿಸಿತ್ತೆಂದು ಇಲ್ಲಿಯೂ ಹಿಡಿಸುತ್ತದೆಂದು ನಂಬುವಂತಿಲ್ಲ, ಮೆಟ್ಟಿಲ ಬುಡದಲ್ಲಿ ಅದನ್ನು ಇಸಿದುಕೊಂಡು ಸಾಮಾನಿನ ಕೋಣೆಗೆ ಹಾಕುತ್ತಾರೆ. ಎಷ್ಟು ಕಿಲೋ ಒಯ್ಯಬಹುದೆಂಬುದು ಸಂಸ್ಥೆಯಿಂದ ಸಂಸ್ಥೆಗೆ, ಟಿಕೆಟ್‌ನಿಂದ ಟಿಕೆಟ್‌ಗೆ ಬೇರೆಯಾದ್ದರಿಂದ ನಿಮ್ಮ ಟಿಕೆಟ್ ಮೇಲೆ ಬರೆದದ್ದೇ ಪ್ರಮಾಣ. ಬೀಗರಿಗೆಂದು ಸೊಲ್ಲಾಪುರದ ಚಾದರಗಳನ್ನು ಕಟ್ಟುವವರು ಮನೆಯಲ್ಲಿಯೇ ತೂಗಿ ನೋಡುವುದು ಒಳ್ಳೆಯದು. ನಾಲ್ಕು ಚಾದರ ಸೇರಿದರೆ ಚೀಲದ ಲೆಕ್ಕ ತಪ್ಪುತ್ತದೆ.

ನಮ್ಮ ಕಡೆಯ ಎರಡು ವಸ್ತುಗಳ ಬಗ್ಗೆ ಎಚ್ಚರ ಹೇಳಲೇಬೇಕು. ಮೊದಲನೆಯದು ಒಣಕೊಬ್ಬರಿ. ಉಡಿ ತುಂಬಿದಾಗ ಕೊಟ್ಟ ಕೊಬ್ಬರಿ ಬಟ್ಟಲುಗಳನ್ನು ಉತ್ತತ್ತಿ, ಅರಿಷಿಣದ ಬೇರಿನೊಂದಿಗೆ ಗಂಟು ಕಟ್ಟಿ ಚೀಲದ ತಳದಲ್ಲಿ ಇಟ್ಟುಬಿಡುತ್ತಾರೆ. ಎಣ್ಣೆಯ ಅಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ, ನಿಲ್ದಾಣದ ಕಿಟಕಿಯಲ್ಲಿ ಒಪ್ಪಿಸುವ ಚೆಕ್-ಇನ್ ಚೀಲದಲ್ಲಿ ಅದಕ್ಕೆ ಅವಕಾಶವಿಲ್ಲ. ಉಡಿಯ ಕೊಬ್ಬರಿಯನ್ನು ಅಧಿಕಾರಿಗಳ ಮುಂದೆ ಬಿಸಾಡುವುದು ಮನಸ್ಸಿಗೆ ಬಹಳ ನೋವಾಗುವ ಸಂಗತಿ. ಹೊರಡುವ ಮೊದಲೇ ಅದನ್ನು ಮನೆಯ ಅಡುಗೆಗೆ ಬಳಸಿ, ಅರಿಷಿಣ, ಅಕ್ಕಿಯನ್ನಷ್ಟೇ ಒಯ್ಯಿರಿ. ಎರಡನೆಯದು ಅಡಕೊತ್ತು. ಸೋದರತ್ತೆಯ ಎಲೆಯಡಿಕೆಯ ಚಂಚಿ ತಪಾಸಣೆಯ ಯಂತ್ರದಲ್ಲಿ ಹೋದಾಗ ಪರದೆಯ ಮೇಲೆ ಅಡಕೊತ್ತಿನ ಎರಡು ಅಲಗುಗಳು ಕಪ್ಪಗೆ ಕಂಡವು. ಅಲ್ಲಿದ್ದ ಹುಡುಗ ಅಕ್ಕಲಕೋಟೆಯ ಕಡೆಯವನು. ‘ಆಯೀ, ಇದನ್ನ ವಿಮಾನದಾಗ ಕೈಯಾಗ ಒಯ್ಯಾಕ ಬರೂದಿಲ್ರಿ’ ಎಂದ. ‘ಇದು ಅಡಕಿ ಕತ್ತರಸೂದಪ್ಪಾ, ನಮ್ಮ ಅತ್ತಿ ಕೊಟ್ಟದ್ದು’ ಎಂದು ಅವರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತರು. ಚೆಕ್-ಇನ್ ಚೀಲ ಆಗಲೇ ಒಳಗೆ ಹೋಗಿತ್ತು. ಸಿಬ್ಬಂದಿಯ ಅನುಮತಿ ಪಡೆದು ನಾನು ಹೊರಗೆ ಬಂದು, ಇನ್ನೂ ಅಲ್ಲಿಯೇ ನಿಂತಿದ್ದ ನಮ್ಮ ಗಾಡಿಯವರ ಕೈಗೆ ಅದನ್ನು ಕೊಟ್ಟೆ. ಗಾಡಿಯವರು ಹೊರಟುಹೋಗಿದ್ದರೆ ಮೂರು ತಲೆಮಾರಿನ ವಸ್ತು ಅಲ್ಲಿಯೇ ಉಳಿಯುತ್ತಿತ್ತು. ಅಡಕೊತ್ತು, ಈಳಿಗೆ, ಕತ್ತರಿ, ಚಾಕು ಎಲ್ಲವೂ ಚೆಕ್-ಇನ್ ಚೀಲಕ್ಕೆ. ಬೆಂಕಿಪೊಟ್ಟಣ, ಲೈಟರ್ ಯಾವುದಕ್ಕೂ ಬೇಡ. ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿಗೆ ತೊಂದರೆಯಿಲ್ಲ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ.

ನಿಲ್ದಾಣ ಚಿಕ್ಕದೆಂದು ತಡವಾಗಿ ಹೋಗುವುದು ತಪ್ಪು. ಚೆಕ್-ಇನ್ ಕಿಟಕಿ ಸಾಮಾನ್ಯವಾಗಿ ಹೊರಡುವ ವೇಳೆಗೆ 60 ನಿಮಿಷ ಮೊದಲೇ ಮುಚ್ಚುತ್ತದೆ. ಅಕ್ಕಲಕೋಟೆಯಿಂದ ಸುಮಾರು 40 ಕಿಲೋಮೀಟರ್ ದಾರಿ; ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ಒಂದೂವರೆ ಗಂಟೆಯೂ ಹಿಡಿಯಬಹುದು.

ಎಟಿಆರ್‌ಗೆ ಪ್ರಯಾಣಿಕರು ಹತ್ತುವುದು ಹಿಂಬದಿಯ ಬಾಗಿಲಿನಿಂದ, ಮುಂದೆ ಇರುವುದು ಸಾಮಾನಿನ ಕೋಣೆ. ಆದ್ದರಿಂದ ಮೊಣಕಾಲು ನೋವಿರುವವರಿಗೆ ಮುಂದಿನ ಸಾಲಿನ ಸೀಟು ಆರಿಸಿದರೆ ಉದ್ದಕ್ಕೂ ನಡೆಯಬೇಕಾಗುತ್ತದೆ, ಹಿಂದಿನ ಸಾಲೇ ಅವರಿಗೆ ಅನುಕೂಲ. ಪ್ರೊಪೆಲರ್‌ಗಳು ಮುಂಭಾಗದ ಸಾಲುಗಳ ಪಕ್ಕಕ್ಕೆ ಬರುವುದರಿಂದ ಸದ್ದು, ನಡುಕ ಅಲ್ಲಿ ಹೆಚ್ಚು. ಒಂದೊಂದು ಬದಿಗೆ ಎರಡೆರಡೇ ಸೀಟುಗಳಿವೆ, ನಡುವಿನ ಸೀಟಿನ ಇಕ್ಕಟ್ಟು ಯಾರಿಗೂ ಇಲ್ಲ. ರೆಕ್ಕೆ ತಲೆಯ ಮೇಲಿರುವುದರಿಂದ ಹೆಚ್ಚಿನ ಕಿಟಕಿಗಳಿಂದ ನೆಲ ಕಾಣುತ್ತದೆ. ವಿಮಾನದವರೆಗೆ ನಡೆದು ಹೋಗುವಾಗ ಗೆರೆ ಬಿಟ್ಟು ಆಚೆ ಹೆಜ್ಜೆ ಇಡಬೇಡಿ. ರೆಕ್ಕೆಯ ಕೆಳಗೆ ಹಾಯ್ದು ಹೋಗಲೇಬಾರದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯ ಟೋಪಿ, ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಳ್ಳಿ. ಸ್ಟಾರ್ ಏರ್ ಬಳಸುವ ಎಂಬ್ರೇಯರ್ 175 ಜೆಟ್ ವಿಮಾನ, 76 ಸೀಟಿನದು, ಅದರಲ್ಲಿ ಈ ಪ್ರೊಪೆಲರ್ ಚಿಂತೆ ಇಲ್ಲ. ಪ್ರಯಾಣಿಕರು ಕಡಿಮೆ ಇದ್ದ ದಿನ ಗಗನಸಖಿ ಬಂದು ಬೇರೆ ಸಾಲಿಗೆ ಹೋಗಿ ಕೂರಿರಿ ಎಂದರೆ ಬೇಸರಪಡದೆ ಎದ್ದು ಹೋಗಿ. ಸಣ್ಣ ವಿಮಾನದ ಮುಂದಿನ, ಹಿಂದಿನ ಭಾರ ಸಮನಾಗಿರುವುದು ಎಲ್ಲರ ಸುರಕ್ಷತೆಯ ಪ್ರಶ್ನೆ. ಬೇಸಿಗೆಯಲ್ಲಿ ಬಯಲಿನ ಕಾವಿಗೆ ವಿಮಾನ ಕುಲುಕುವುದು ಮಧ್ಯಾಹ್ನವೇ ಹೆಚ್ಚು. ಹೊಟ್ಟೆ ತೊಳಸುವವರು ಬೆಳಗಿನ ವಿಮಾನ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಆದರೆ ಚಳಿಗಾಲದ ಬೆಳಗಿನಲ್ಲಿ ಮಂಜಿನ ಕಾಟವಿದೆ. ಅನೇಕ ಸಣ್ಣ ನಿಲ್ದಾಣಗಳಲ್ಲಿ ಮಂಜಿನಲ್ಲೂ ದಾರಿ ತೋರಿಸಿ ಇಳಿಸುವ ಉಪಕರಣಗಳು ಇರುವುದಿಲ್ಲ. ಪೈಲಟ್ ಕಣ್ಣಿನಿಂದ ನೋಡಿಯೇ ಇಳಿಸಬೇಕಾದ ಕಡೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರದವರೆಗೆ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ವಿಮಾನ ತಡವಾಗುತ್ತದೆ, ಇಲ್ಲವೇ ಬೇರೆ ಊರಿಗೆ ತಿರುಗುತ್ತದೆ. ದೊಡ್ಡ ನಿಲ್ದಾಣದಲ್ಲಿ ಒಂದು ವಿಮಾನ ತಪ್ಪಿದರೆ ಎರಡು ಗಂಟೆಗೆ ಇನ್ನೊಂದು ಇರುತ್ತದೆ, ಇಲ್ಲಿ ಮುಂದಿನದು ಎರಡು ದಿನ ಬಿಟ್ಟು ಇರಬಹುದು. ಆದ್ದರಿಂದ ಪರೀಕ್ಷೆ, ಕೋರ್ಟಿನ ತಾರೀಕು, ಶಸ್ತ್ರಚಿಕಿತ್ಸೆ, ವಿದೇಶದ ವಿಮಾನ ಇಂಥವುಗಳಿಗೆ ಅದೇ ದಿನದ ಸಣ್ಣ ವಿಮಾನವನ್ನು ನೆಚ್ಚಬೇಡಿ. ಹಿಂದಿನ ದಿನವೇ ಹೋಗಿ ಮುಟ್ಟಿ. ಅದು ಆಗದಿದ್ದರೆ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ, ಮುಂಬಯಿಗೆ ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಸೀಟು ಕಾಯ್ದಿರಿಸಿ ಇಟ್ಟುಕೊಳ್ಳುವುದು ಜಾಣತನ. ರದ್ದುಮಾಡಿದರೆ ಹೋಗುವ ಅಲ್ಪ ಹಣ ನಿಮ್ಮ ಕೆಲಸಕ್ಕಿಂತ ದೊಡ್ಡದಲ್ಲ.

ವಿಮಾನ ರದ್ದಾದರೆ ಕೈಕಟ್ಟಿ ಕೂರಬೇಕಿಲ್ಲ. ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ ಸಂಸ್ಥೆ ಬದಲಿ ವಿಮಾನ ಕೊಡಬೇಕು, ಇಲ್ಲವೇ ಪೂರ್ತಿ ಹಣ ಮರಳಿಸಬೇಕು. ಯಾವುದು ಬೇಕೆಂದು ಹೇಳುವವರು ನೀವು. ಮೊದಲೇ ತಿಳಿಸದೆ ರದ್ದುಮಾಡಿದ್ದರೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯದಕ್ಕೆ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವುಗಳಲ್ಲಿ ಕಡಿಮೆಯಾದದ್ದು ಪರಿಹಾರ. ಮಂಜು, ಬಿರುಗಾಳಿಯಂಥ ಕಾರಣಕ್ಕೆ ಈ ಪರಿಹಾರ ಇಲ್ಲ, ಹಣ ಮರಳಿ ಪಡೆಯುವ ಹಕ್ಕು ಆಗಲೂ ಇದೆ. ನಮ್ಮಂಥ ಹಾರಾಟಗಳು ಎರಡು ಗಂಟೆಗಿಂತ ಹೆಚ್ಚು ತಡವಾದರೆ ಕಾಯುವವರಿಗೆ ಊಟ, ಉಪಾಹಾರ ಕೊಡಬೇಕು, ಕೇಳಿ ಪಡೆಯಿರಿ. ರದ್ದಾದ ಕಾರಣವನ್ನು ಬರಹದಲ್ಲಿ ಕೇಳಿ, ಬೋರ್ಡಿಂಗ್ ಪಾಸ್ ಹಾಗೂ ಸಂದೇಶಗಳ ಫೋಟೋ ತೆಗೆದಿಟ್ಟುಕೊಳ್ಳಿ. ಸಂಸ್ಥೆ ಸ್ಪಂದಿಸದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ತಾಣದಲ್ಲಿ ದೂರು ಕೊಡಬಹುದು.

ರೋಗಿಗಳನ್ನು ಕರೆದೊಯ್ಯುವವರು ಗಾಲಿಕುರ್ಚಿಯನ್ನು 48 ಗಂಟೆ ಮೊದಲೇ ಹೇಳಿಡಬೇಕು, ಮೆಟ್ಟಿಲು ಹತ್ತಲಾರದವರಿದ್ದರೆ ಅದನ್ನು ಬಿಡಿಸಿ ಹೇಳಬೇಕು. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ ಪ್ರಯಾಣಕ್ಕೆ ಯೋಗ್ಯರೆಂಬ ವೈದ್ಯರ ಪತ್ರ ಬೇಕಾಗುತ್ತದೆ. ಮನೆಯ ಆಮ್ಲಜನಕದ ಸಿಲಿಂಡರನ್ನು ಒಯ್ಯಲು ಬಿಡುವುದಿಲ್ಲ. ಅಂಥ ಅಗತ್ಯವಿದ್ದವರು ಟಿಕೆಟ್ ತೆಗೆಯುವ ಮೊದಲೇ ಸಂಸ್ಥೆಯೊಂದಿಗೆ ಮಾತಾಡಬೇಕು.

ಮರಳಿ ಬಂದು ಇಳಿದ ಮೇಲೆ ಹೋಟಗಿ ರಸ್ತೆಯಲ್ಲಿ ವಾಹನ ಸಿಕ್ಕೇ ಸಿಗುತ್ತದೆಂದು ತಿಳಿಯಬೇಡಿ. ಬಿಟ್ಟು ಹೋದ ಗಾಡಿಯವರ ಸಂಖ್ಯೆ ಬರೆದಿಟ್ಟುಕೊಂಡು, ಹಾರುವ ಮುನ್ನ ಆ ಕಡೆಯಿಂದ ಒಂದು ಫೋನು ಮಾಡಿ. ವಿಮಾನ ಹೊರಟಿದೆಯೆಂದು ತಿಳಿದ ಮೇಲೆಯೇ ಅವರು ಮನೆ ಬಿಡಲಿ. ನಮ್ಮ ಗಾಡಿಯವರು ಆ ಸಲ ಬಾಗಿಲ ಬಳಿ ಬಂದು ನಿಂತಿದ್ದರು, ಸೋದರತ್ತೆ ಚೀಲಕ್ಕಿಂತ ಮೊದಲು ಕೈ ಚಾಚಿ ಇಸಿದುಕೊಂಡದ್ದು ಅಡಕೊತ್ತನ್ನು.