ಸಿಡ್ನಿ ಇತಿಹಾಸ ಓದೋಕೆ ಶ್ರೀರಂಗಪಟ್ಟಣದಿಂದ ಶುರು ಮಾಡಿ

ಸಿಡ್ನಿ ಕಟ್ಟಿದವರ ಬಗ್ಗೆ ಓದಬೇಕಾ? ಮೈಸೂರಲ್ಲಿ ಬಸ್ ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. 1799ರ ಮುತ್ತಿಗೆಯಲ್ಲಿ ಇಲ್ಲಿದ್ದ ಲಾಕ್ಲನ್ ಮ್ಯಾಕ್ವಾರಿ ಅನ್ನೋ ಬ್ರಿಟಿಷ್ ಅಧಿಕಾರಿಯೇ 1810ರಲ್ಲಿ ಸಿಡ್ನಿ ಇದ್ದ ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸ್‌ನ ಗವರ್ನರ್ ಆದದ್ದು. ಕೋಟೆ ಗೋಡೆ ಒಡೆದ ಜಾಗ ನೋಡಿ, ಆಮೇಲೆ ಅವನ ದಿನಚರಿ ಓದಿ.

ಮುಂದೆ ಫ್ರಾನ್ಸಿಸ್ ಗ್ರೀನ್‌ವೇ. ಫೋರ್ಜರಿ ಮಾಡಿ ಸಿಡ್ನಿಗೆ ಗಡೀಪಾರಾದ ಕೈದಿ, ಕಸುಬಿನಲ್ಲಿ ವಾಸ್ತುಶಿಲ್ಪಿ, ಮ್ಯಾಕ್ವಾರಿ ಅವನಿಗೇ ಸರ್ಕಾರಿ ಕಟ್ಟಡಗಳ ಕೆಲಸ ಒಪ್ಪಿಸಿದ, ಕೈದಿಗಳಿಗಾಗಿ ಅವನು ವಿನ್ಯಾಸ ಮಾಡಿದ ಹೈಡ್ ಪಾರ್ಕ್ ಬ್ಯಾರಕ್ಸ್ ಇವತ್ತಿಗೂ ನಿಂತಿದೆ.

ಗವರ್ನರ್‌ಗಳ ಕಥೆಗೇ ನಿಲ್ಲಿಸಬೇಡಿ. ಬ್ರಿಟಿಷರು 1789ರಲ್ಲಿ ಬಲವಂತವಾಗಿ ಹಿಡಿದು ತಂದ ಮೂಲನಿವಾಸಿ ಬೆನೆಲಾಂಗ್ ಬಗ್ಗೆ ಓದಲೇಬೇಕು, ನನಗಂತೂ ಅವನೇ ಜಾಸ್ತಿ ಮುಖ್ಯ. ಒಪೆರಾ ಹೌಸ್ ಇರೋ ಜಾಗಕ್ಕೆ ಅವನದೇ ಹೆಸರು.

ಹಳೇ ಪೇಪರ್‌ಗಳು ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಅನ್ನೋ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸುಮ್ನೆ ಹೆಸರು ಹಾಕಿದರೆ ಸಾಲದು, ಇಸವಿನೂ ಸೇರಿಸಿ ಹುಡುಕಿ.